ಇಂಜಿನ್ "ಸೀಜ್ ಆಗಿದೆ" ಅನ್ನೋದಕ್ಕೆ ನಿಮ್ಮ ಕಡೆ ಏನಂತೀರಿ?

ಕೊಡಗಿನ ಗೋಣಿಕೊಪ್ಪ, ಪೊನ್ನಂಪೇಟೆ ಕಡೆ ಕಾಫಿ ತೋಟದ ಶೆಡ್ಡುಗಳಲ್ಲಿ ಬಿದ್ದಿರೋ ಹಳೇ ಯೆಜ್ಡಿ ಬೈಕುಗಳನ್ನ ಎತ್ತಿ ರೆಡಿ ಮಾಡೋ ಹುಚ್ಚು ಈಗಿನ ಹುಡುಗರಿಗೆ ಹತ್ತಿದೆ, ಅವರಿಗೆ ಓದೋಕೆ ಅಂತ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಥರ ಬರೀತಾ ಇದ್ದೀನಿ, ಮೊದಲನೇ ಪುಟದಲ್ಲೇ ಗಾಡಿ ನಿಂತುಬಿಡ್ತು. ವರ್ಷಗಟ್ಟಲೆ ನಿಂತ ಗಾಡಿ, ಕಿಕ್ಕರ್ ಒತ್ತಿದ್ರೆ ಅಲ್ಲಾಡಲ್ಲ. ಇದಕ್ಕೆ ಎಲ್ರೂ ಅನ್ನೋದು "ಸೀಜ್ ಆಗಿದೆ". ಸರಿ, ಆದ್ರೆ ಪೊಲೀಸಿನವರು ಎತ್ಕೊಂಡು ಹೋದ್ರೂ ಸೀಜ್, ಕಂತು ಕಟ್ಟಿಲ್ಲ ಅಂತ ಫೈನಾನ್ಸಿನವರು ಎಳ್ಕೊಂಡು ಹೋದ್ರೂ ಸೀಜ್. 15 ವರ್ಷ ದಾಟಿ ಆರ್‌ಸಿ ರಿನ್ಯೂ ಮಾಡಿಸದ ಗಾಡಿ ಬೇರೆ, "ಸೀಜ್ ಆಗಿದೆ ಮಾರಾಯ" ಅಂದ್ರೆ ಕೇಳಿದವನು "ಯಾವ ಸ್ಟೇಷನ್ನಲ್ಲಿದೆ" ಅಂತಾನೆ, ಅವನ ತಪ್ಪೇನಿಲ್ಲ. ಜಪ್ತಿ ಅನ್ನೋದು ಉಂಟು, ಪೇಪರ್ ಬಿಟ್ರೆ ಯಾರ ಬಾಯಲ್ಲಿ ಬರುತ್ತೆ ಹೇಳಿ.

ಇಷ್ಟೇ ಆಗಿದ್ರೆ ಸಂದರ್ಭ ನೋಡಿ ಅರ್ಥ ಮಾಡ್ಕೊಳ್ಳಲಿ ಅಂತ ಬಿಡ್ತಿದ್ದೆ. ನಿಜವಾದ ತಕರಾರು ಇಂಜಿನ್ ಒಳಗೇ ಇದೆ, ಎರಡು ಬೇರೆ ಬೇರೆ ಕಾಯಿಲೆಗೆ ಒಂದೇ ಹೆಸರು. ಒಂದು ನಿಂತಲ್ಲೇ ಆಗೋದು, ನಮ್ಮ ಮಳೆಗಾಲದ ತೇವ ಸೈಲೆನ್ಸರ್ ಕಡೆಯಿಂದಲೋ ಕಾರ್ಬೇಟರ್ ಕಡೆಯಿಂದಲೋ ಒಳಗೆ ಸೇರಿ ಬೀಡಿನ ಬೋರಿಗೆ (ಪಿಸ್ಟನ್ ಮೇಲೆ ಕೆಳಗೆ ಆಡೋ ಕೊಳವೆ) ತುಕ್ಕು ಹಿಡಿದು ಪಿಸ್ಟನ್ ರಿಂಗು ಅದಕ್ಕೇ ಅಂಟ್ಕೊಂಡುಬಿಡುತ್ತೆ. ಪ್ಲಗ್ ಬಿಚ್ಚಿ, ಡೀಸಲ್ಲಿಗೆ ಸ್ವಲ್ಪ ಆಯಿಲ್ ಬೆರೆಸಿ ಹೊಯ್ದು, ಚೆನ್ನಾಗಿ ನೆನೆಯೋಕೆ ಬಿಟ್ಟು, ಆಮೇಲೆ ಗೇರಿಗೆ ಹಾಕಿ ಗಾಡೀನ ಹಿಂದೆ ಮುಂದೆ ಮೆಲ್ಲಗೆ ಆಡಿಸಿದ್ರೆ ಎಷ್ಟೋ ಸಲ ಬಿಟ್ಕೊಳ್ಳುತ್ತೆ. ಕಿಕ್ಕರ್ ಮೇಲೆ ಹತ್ತಿ ಕುಣಿಯೋರಿದ್ದಾರೆ, ರಿಂಗ್ ಮುರಿಯೋದು ಆಗಲೇ (ಯೆಜ್ಡೀಲಿ ಕಿಕ್ಕರೂ ಗೇರ್ ಲಿವರೂ ಒಂದೇ, ಅದನ್ನ ಮುರ್ಕೊಂಡ್ರೆ ಎರಡೂ ಹೋಯ್ತು).

ಇನ್ನೊಂದು ಓಡ್ತಾ ಓಡ್ತಾ ಆಗೋದು. ಯೆಜ್ಡಿಯಂಥ ಟೂ ಸ್ಟ್ರೋಕ್‌ನಲ್ಲಿ ಪೆಟ್ರೋಲ್ ಜೊತೆ ಬೆರೆಸಿದ ಆಯಿಲೇ ಪಿಸ್ಟನ್ನಿಗೆ ಗತಿ, ಲೀಟರಿಗೆ 30-40 ಎಂಎಲ್ ಹಾಕೋದನ್ನ ಮರೆತು ಘಾಟಿ ಹತ್ತಿಸಿದ್ರೆ ಕಾದು ಹಿಗ್ಗಿದ ಪಿಸ್ಟನ್ ಬೋರಿಗೆ ಉಜ್ಜಿ ಸಿಕ್ಕಾಕೊಳ್ಳುತ್ತೆ, ಹಿಂದಿನ ಚಕ್ರ ಅಲ್ಲೇ ಲಾಕ್. ಇದಕ್ಕೆ ಡೀಸಲ್ ಹೊಯ್ದು ಕಾಯೋದ್ರಲ್ಲಿ ಅರ್ಥ ಇಲ್ಲ, ಹೆಡ್ ಬಿಚ್ಚಿ ಗೀರು ನೋಡ್ಬೇಕು, ಜಾಸ್ತಿ ಇದ್ರೆ ಬೋರ್ ಮಾಡಿಸಿ ಪಿಸ್ಟನ್ ಬದಲಾಯಿಸ್ಬೇಕು. ಎರಡಕ್ಕೂ ಸೀಜ್ ಅಂತಲೇ ಬರೆದ್ರೆ ಓದಿದವನು ಯಾವ ಮದ್ದು ಮಾಡ್ಬೇಕು?

ನಮ್ಮ ಕಡೆ ಹಳೇ ಮೆಕ್ಯಾನಿಕ್‌ಗಳು "ಹಿಡ್ಕೊಂಡಿದೆ" ಅಂತಲೂ ಅಂತಾರೆ, "ಕಚ್ಕೊಂಡಿದೆ" ಅಂತಲೂ ಅಂತಾರೆ. ಅವರೇ ವ್ಯತ್ಯಾಸ ಮಾಡಿ ಹೇಳ್ತಾರೋ ಇಲ್ವೋ, ನನ್ನ ಕಿವಿಗಂತೂ ಇವು ಒಂದೇ ಅಲ್ಲ. ಬೀಗ ಹಿಡ್ಕೊಳ್ಳುತ್ತೆ, ಸೊಂಟ ಹಿಡ್ಕೊಳ್ಳುತ್ತೆ, ಎಣ್ಣೆ ಹಾಕಿ ತಾಳ್ಮೆಯಿಂದ ಆಡಿಸಿದ್ರೆ ಬಿಡುತ್ತೆ. ಕಚ್ಚೋದು ಹಾಗಲ್ಲ, ಒಂದೇ ಸಲಕ್ಕೆ, ಗಾಯ ಬಿಟ್ಟು ಹೋಗುತ್ತೆ. ಹಾಗಾಗಿ ನಿಂತದ್ದಕ್ಕೆ ಹಿಡ್ಕೊಂಡಿದೆ, ಓಡುವಾಗಿನದ್ದಕ್ಕೆ ಕಚ್ಕೊಂಡಿದೆ ಅಂತ ಇಟ್ಕೊಂಡಿದ್ದೀನಿ. ನಾಮಪದ ಮಾಡೋಕೆ ಹೋದ್ರೆ ಮಾತ್ರ ಕೆಡುತ್ತೆ, "ಪಿಸ್ಟನ್ ಹಿಡಿತ" ಅಂದ್ರೆ ಏನೋ ಒಳ್ಳೇ ಗುಣ ಇದ್ದ ಹಾಗೆ ಕೇಳುತ್ತೆ.

ಯೆಜ್ಡಿ ತಯಾರಾಗ್ತಿದ್ದದ್ದೇ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರೀಲಿ, 1996ರಲ್ಲಿ ಮುಚ್ಚೋವರೆಗೂ. ಅಲ್ಲಿ ಕೆಲಸ ಮಾಡಿದವರು ಮನೇಲಿದ್ರೆ ಒಳಗೆ ಇದಕ್ಕೆ ಏನಂತಿದ್ರು ಅಂತ ಕೇಳಿ ತಿಳಿಸಿ. ಕೊಡವ ತಕ್ಕ್, ಅರೆಭಾಷೆಯವರೂ ಹೇಳಿ.

ಇನ್ನೊಂದು ಸಣ್ಣದು, ಪೆಟ್ರೋಲ್ ಹಳಸುತ್ತಾ? ಅನ್ನ ಸಾಂಬಾರು ಹಳಸೋದು, ಪೆಟ್ರೋಲ್ ಕೆಡೋದು ಅಂತ ಗೆಳೆಯನ ವಾದ. ಹಗುರ ಅಂಶ ಆರಿಹೋಗಿ ಉಳಿದದ್ದು ಅಂಟಾಗಿ ಕಾರ್ಬೇಟರಿನ ಜೆಟ್ (ಪೆಟ್ರೋಲ್ ಹೋಗೋ ಸಣ್ಣ ತೂತು) ಕಟ್ಟುತ್ತೆ, ಎಥೆನಾಲ್ ಇರೋದಾದ್ರೆ ನೀರು ಬೇರೆ ಎಳ್ಕೊಳ್ಳುತ್ತೆ, ಮುಚ್ಚಳ ತೆಗೆದ್ರೆ ಬರೋ ಆ ಹುಳಿ ನಾತಕ್ಕೆ ಹಳಸು ಅನ್ನೋದೇ ಸರಿ ಅಂತ ನಾನು. ಹಿತ್ತಾಳೆ ಜೆಟ್ ಮೇಲಿನ ಹಸಿರಿಗೆ ಕಿಲುಬು, ಅದರಲ್ಲಿ ಜಗಳ ಇಲ್ಲ. ಕಾರ್ಬೇಟರ್ ಮೈಮೇಲೆ ಬಿಳಿ ಪುಡಿ ಥರ ಏಳುತ್ತಲ್ಲ, ಅದಕ್ಕೆ ತುಕ್ಕು ಅನ್ನೋಕೆ ಮನಸ್ಸು ಬರಲ್ಲ, ಕಿಲುಬೂ ಅಲ್ಲ, ಏನಂತೀರಿ?