ಹಳೇ ಮನೆ ಬಳಗ: ಐವತ್ತು ರೂಪಾಯಿ ಅರ್ಜಿಯ ಜಗಳ

ಶಿವಮೊಗ್ಗ ಚಿಕ್ಕಪ್ಪ: (ಪತ್ರಿಕೆ ತುಣುಕಿನ ಫೋಟೊ)

ಶಿವಮೊಗ್ಗ ಚಿಕ್ಕಪ್ಪ: ಎಲ್ಲರೂ ಓದಿ. ಬೆಂಗಳೂರಿನ ಆದಾಯ ತೆರಿಗೆ ಟ್ರಿಬ್ಯುನಲ್ 2024ರ ಡಿಸೆಂಬರ್ ಕೊನೆಗೆ ಬಕ್‌ಐ ಟ್ರಸ್ಟ್ ಅನ್ನೋ ಕೇಸಿನಲ್ಲಿ ಆದೇಶ ಕೊಟ್ಟಿತು. ಅದರಲ್ಲಿ ಹೆಸರಿಸಿದ ಕೆಲವು ತೀರ್ಪುಗಳು ಲೋಕದಲ್ಲೇ ಇಲ್ಲ! ಕೆಲವೇ ದಿನಗಳಲ್ಲಿ ತಮ್ಮ ಆದೇಶವನ್ನು ತಾವೇ ವಾಪಸ್ ತಗೊಂಡರು. ಈಗ ಹೇಳಿ, ನಮ್ಮ ಕೇಸಿಗೆ ಮಾತ್ರ ಯಾಕಾಗಲ್ಲ?

ಹಾಸನದ ಮಾವ: ಓದಿದೆ. ಎಐ ಕಟ್ಟಿದ ಕಥೆ ಇರಬೇಕು ಅಂತ ಎಲ್ಲರೂ ಅಂದರು. ಕಲಿಗಾಲ.

ದೊಡ್ಡಮ್ಮ: ಯಾವ ಕೇಸು? ನಿಮ್ಮ ಮನೆದಾ?

ಶಿವಮೊಗ್ಗ ಚಿಕ್ಕಪ್ಪ: ಹೌದು ಅತ್ತಿಗೆ. ಸೈಟ್ ಮಾರಿದ ದುಡ್ಡಲ್ಲಿ ಮನೆ ಕಟ್ಟಿದೆವಲ್ಲ, ಅದು ಮೂರು ವರ್ಷದೊಳಗೆ ಮುಗಿದಿಲ್ಲ ಅಂತ ಮಾರಿದ ಲಾಭಕ್ಕೆ ಸಿಗಬೇಕಿದ್ದ 54ಎಫ್ ತೆರಿಗೆ ವಿನಾಯಿತಿ ಕೊಡಲಿಲ್ಲ. ಟ್ರಿಬ್ಯುನಲ್‌ವರೆಗೂ ಹೋದೆ, ಅಲ್ಲೂ ಸೋಲು. ಆದೇಶದಲ್ಲಿ ತಪ್ಪು ಒಂದಾ ಎರಡಾ! ಎಂ.ಎ. ಹಾಕಿ ಪೂರ್ತಿ ವಿಚಾರಣೆ ಮತ್ತೆ ಮಾಡಿಸಿ ಅಂದರೆ ನಮ್ಮ ಆಡಿಟರ್ ತಲೆ ಅಲ್ಲಾಡಿಸುತ್ತಾರೆ.

ಪುಟ್ಟ: ಎಂ.ಎ. ಅಂದರೇನು?

ಸುಮಕ್ಕ: ಮಿಸಲೇನಿಯಸ್ ಅಪ್ಲಿಕೇಷನ್. 1961ರ ಆದಾಯ ತೆರಿಗೆ ಕಾಯ್ದೆಯ ಸೆಕ್ಷನ್ 254(2)ರ ಅಡಿ ಹಾಕುವ ಅರ್ಜಿ. ಫೀಸು ಬರೀ 50 ರೂಪಾಯಿ, ಅದಕ್ಕೇ ಸೋತವರಿಗೆಲ್ಲ ಅದರ ಮೇಲೆ ಕಣ್ಣು.

ಸುಮಕ್ಕ: ಚಿಕ್ಕಪ್ಪ, ಬೇಜಾರು ಮಾಡ್ಕೋಬೇಡಿ. ನಿಮ್ಮ ಆಡಿಟರ್ ಹೇಳಿದ್ದು ಸರಿ. ಆ ಸೆಕ್ಷನ್ ಕೊಟ್ಟಿರುವುದು ದಾಖಲೆ ನೋಡಿದ ಕೂಡಲೇ ಕಣ್ಣಿಗೆ ಬೀಳುವ ತಪ್ಪನ್ನು ತಿದ್ದುವ ಅಧಿಕಾರ ಅಷ್ಟೇ. "ಅವತ್ತು ತಪ್ಪಾಗಿ ಯೋಚಿಸಿದ್ದೆವು, ಇವತ್ತು ಸರಿಯಾಗಿ ಯೋಚಿಸುತ್ತೇವೆ" ಅನ್ನೋಕೆ ಬರಲ್ಲ. 1971ರ ವೋಲ್ಕಾರ್ಟ್ ಬ್ರದರ್ಸ್ ತೀರ್ಪಿನಲ್ಲೇ ಸುಪ್ರೀಂ ಕೋರ್ಟ್ ಗೆರೆ ಹಾಕಿದೆ. ಉದ್ದುದ್ದ ವಾದ ಮಾಡಿ ತೋರಿಸಬೇಕಾದ ತಪ್ಪು, ಎರಡು ಅಭಿಪ್ರಾಯಕ್ಕೆ ಜಾಗ ಇರುವ ತಪ್ಪು, ಇವು ಯಾವುವೂ ಎದ್ದು ಕಾಣುವ ತಪ್ಪಲ್ಲ.

ಶಿವಮೊಗ್ಗ ಚಿಕ್ಕಪ್ಪ: ಬೆಂಗಳೂರಿನವರು ಮಾತ್ರ ಹೇಗೆ ಮಾಡಿದರು ಹಾಗಾದರೆ?

ಸುಮಕ್ಕ: ಇಲ್ಲದ ತೀರ್ಪು ಇಲ್ಲ ಅನ್ನೋಕೆ ವಾದ ಬೇಕಾ? ಹೇಳಿದ ಸಂಪುಟ ತೆಗೆದು ಹೇಳಿದ ಪುಟ ನೋಡಿದರೆ ಸಾಕು. ಎರಡನೇ ಅಭಿಪ್ರಾಯಕ್ಕೆ ಜಾಗವೇ ಇಲ್ಲ.

ಹಾಸನದ ಮಾವ: ತಡಿ ಸುಮಾ. ಅವರು ಆ ತೀರ್ಪುಗಳ ಹೆಸರು ಹೊಡೆದು ಹಾಕಿ ಸುಮ್ಮನಾಗಲಿಲ್ಲ. ಇಡೀ ಆದೇಶವನ್ನೇ ವಾಪಸ್ ಪಡೆದರು. ತಿದ್ದೋದು ಬೇರೆ, ಹರಿದು ಹಾಕೋದು ಬೇರೆ ಅಲ್ವಾ?

ಸುಮಕ್ಕ: ಅದು ಸರಿಯಾದ ಪ್ರಶ್ನೆ ಮಾವ, ಸುಲಭದ ಉತ್ತರ ಇಲ್ಲ. ಆಧಾರವಾಗಿದ್ದ ತೀರ್ಪುಗಳೇ ಸುಳ್ಳು ಅಂತಾದ ಮೇಲೆ ಅವನ್ನು ತೆಗೆದರೆ ಆದೇಶದಲ್ಲಿ ಉಳಿಯೋದೇನು? ಅಂಥ ಕಡೆ ವಾಪಸ್ ತಗೊಳ್ಳದೆ ಗತಿಯಿಲ್ಲ ಅಂತ ನನಗನಿಸುತ್ತದೆ. ಆದರೆ ಅದನ್ನು ತೋರಿಸಿ ಎಲ್ಲರೂ ಕ್ಯೂ ನಿಲ್ಲೋಕಾಗಲ್ಲ.

ಸುಮಕ್ಕ: ರಿಲಯನ್ಸ್ ಟೆಲಿಕಾಂ ಕೇಸು ನೋಡಿ. 2013ರಲ್ಲಿ ಟ್ರಿಬ್ಯುನಲ್ ಕಂಪನಿ ವಿರುದ್ಧ ಆದೇಶ ಕೊಟ್ಟಿತು. ಸಾಫ್ಟ್‌ವೇರ್‌ಗೆ ಹೊರದೇಶದವರಿಗೆ ಕೊಟ್ಟ ದುಡ್ಡು ರಾಯಲ್ಟಿ, ಅಂದರೆ ಇಲ್ಲಿ ತೆರಿಗೆ ಬೀಳೋ ಹಕ್ಕಿನ ಹಣ, ಆಗುತ್ತಾ ಇಲ್ವಾ ಅನ್ನೋ ಜಗಳ. ಕಂಪನಿ ಎಂ.ಎ. ಹಾಕಿತು. 2016ರಲ್ಲಿ ಟ್ರಿಬ್ಯುನಲ್ ತನ್ನ ಆದೇಶ ವಾಪಸ್ ತಗೊಂಡಿತು. ಬಾಂಬೆ ಹೈಕೋರ್ಟ್ ಸರಿ ಅಂದಿತು. 2021ರ ಡಿಸೆಂಬರ್ 3ರಂದು ಸುಪ್ರೀಂ ಕೋರ್ಟ್ ಅದನ್ನೆಲ್ಲ ರದ್ದು ಮಾಡಿತು. ಪೀಠದಲ್ಲಿ ಇದ್ದವರು ಎಂ.ಆರ್. ಶಾ ಮತ್ತು ನಮ್ಮ ಬಿ.ವಿ. ನಾಗರತ್ನ. ಆದೇಶ ತಪ್ಪು ಅನಿಸಿದರೆ ಹೈಕೋರ್ಟಿಗೆ ಹೋಗಿ, ತಿದ್ದುಪಡಿ ಹೆಸರಲ್ಲಿ ಕೇಸನ್ನು ಮತ್ತೆ ಕೇಳೋ ಹಾಗಿಲ್ಲ ಅಂದರು.

ಸುಮಕ್ಕ: ಇನ್ನೊಂದು ಸ್ವಾರಸ್ಯ. ಅದೇ ವರ್ಷದ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟೇ ಎಂಜಿನಿಯರಿಂಗ್ ಅನಾಲಿಸಿಸ್ ಅನ್ನೋ ಬೆಂಗಳೂರಿನ ಕೇಸಿನಲ್ಲಿ, ನಮ್ಮ ಹೈಕೋರ್ಟ್ ಹೇಳಿದ್ದನ್ನು ತಿರುಗಿಸಿ, ಇಂಥ ದುಡ್ಡು ರಾಯಲ್ಟಿ ಅಲ್ಲ ಅಂತ ಹೇಳಿಯಾಗಿತ್ತು. ಅಂದರೆ ಮೂಲ ವಿಷಯದಲ್ಲಿ ಕಂಪನಿ ಕಡೆ ಗಟ್ಟಿ ಇತ್ತು. ಆದರೂ "ನೀನು ತಟ್ಟಿದ ಬಾಗಿಲು ತಪ್ಪು" ಅಂದರು.

ಶಿವಮೊಗ್ಗ ಚಿಕ್ಕಪ್ಪ: ಸರಿ ಇದ್ದವನಿಗೂ ಬಾಗಿಲು ಹಾಕೋದು ಯಾವ ಸೀಮೆ ನ್ಯಾಯ?

ಸುಮಕ್ಕ: ಮಾವನನ್ನೇ ಕೇಳಿ. ಮಾವ, ನಿಮ್ಮ ತೋಟದ ಕೇಸು ಟ್ರಿಬ್ಯುನಲ್‌ನಲ್ಲಿ ಗೆದ್ದಿರಿ ಅಲ್ವಾ? ಈ ಎಂ.ಎ. ನಮಗೆ ಮಾತ್ರ ಅಲ್ಲ, ಇಲಾಖೆಯವರೂ ಹಾಕಬಹುದು. ನಾಳೆ ಅವರು ಬಂದು "ಸಾಕ್ಷ್ಯ ಸರಿಯಾಗಿ ನೋಡಿಲ್ಲ, ಮತ್ತೆ ಕೇಳಿ" ಅಂದರೆ? ಅದೂ 2024ರ ಸೆಪ್ಟೆಂಬರ್‌ನಿಂದ 2 ಕೋಟಿಗಿಂತ ಕಮ್ಮಿ ತೆರಿಗೆಯ ಜಗಳಕ್ಕೆ ಇಲಾಖೆ ಸಾಮಾನ್ಯವಾಗಿ ಹೈಕೋರ್ಟಿಗೆ ಹೋಗೋ ಹಾಗಿಲ್ಲ. ಈ ಹಿತ್ತಲ ಬಾಗಿಲು ತೆರೆದಿದ್ದರೆ ಎಲ್ಲರೂ ಇಲ್ಲೇ ನುಗ್ಗುತ್ತಿದ್ದರು.

ಹಾಸನದ ಮಾವ: ಅಯ್ಯೋ ಬೇಡಮ್ಮ. ಮುಗಿದದ್ದು ಮುಗಿಯಲಿ. ಸುಮಾ ಹೇಳೋದೇ ಸರಿ.

ಶಿವಮೊಗ್ಗ ಚಿಕ್ಕಪ್ಪ: ಭಾವ ಪಕ್ಷಾಂತರ ಮಾಡಿದರು.

ದೊಡ್ಡಮ್ಮ: ಜಗಳ ಬೇಡ. ಹುಡುಗಿ ಹೇಳೋದನ್ನ ಕೇಳಿ.

ಶಿವಮೊಗ್ಗ ಚಿಕ್ಕಪ್ಪ: ಕೇಳ್ತಾನೇ ಇದ್ದೀನಿ ಅತ್ತಿಗೆ. ಸುಮಾ, ಒಂದು ಮಾತು. ಹಣ ಗಡುವಿನೊಳಗೆ ಹಾಕಿದ್ದರೆ ಸಾಕು, ಮನೆ ಪೂರ್ತಿ ಮುಗಿದಿರಲೇಬೇಕು ಅಂತಿಲ್ಲ ಅಂತ ಕರ್ನಾಟಕ ಹೈಕೋರ್ಟ್ 2012ರಲ್ಲೇ ಹೇಳಿದೆ. ಆ ತೀರ್ಪು ಕೊಟ್ಟಿದ್ದೆವು. ಹೈಕೋರ್ಟ್ ಮಾತನ್ನೇ ಕೇಳದಿದ್ದರೆ ಅದು ಎದ್ದು ಕಾಣುವ ತಪ್ಪಲ್ವಾ?

ಸುಮಕ್ಕ: ಆದೇಶ ಕಳಿಸಿ.

ಶಿವಮೊಗ್ಗ ಚಿಕ್ಕಪ್ಪ: (ಆದೇಶದ ಪಿಡಿಎಫ್)

ಸುಮಕ್ಕ: ಓದಿದೆ. ನಮ್ಮ ರಾಜ್ಯದ ಹೈಕೋರ್ಟ್ ತೀರ್ಪನ್ನು ಕಡೆಗಣಿಸಿದರೆ ಅದು ತಿದ್ದಬಹುದಾದ ತಪ್ಪೇ. 2008ರಲ್ಲಿ ಸೌರಾಷ್ಟ್ರ ಕಚ್ಛ್ ಸ್ಟಾಕ್ ಎಕ್ಸ್‌ಚೇಂಜ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದರೆ ಇಲ್ಲಿ ಕಡೆಗಣಿಸಿಲ್ಲ. ಪ್ಯಾರಾ 9 ನೋಡಿ. ಆ ತೀರ್ಪು ಓದಿದ್ದಾರೆ. ಇಲ್ಲಿ ಹಣ ಹಾಕಿದ್ದಕ್ಕೇ ನಂಬುವ ಪುರಾವೆ ಇಲ್ಲ, ಹಾಗಾಗಿ ಅದು ಅನ್ವಯಿಸಲ್ಲ ಅಂತ ಬರೆದಿದ್ದಾರೆ. ಅದು ತಪ್ಪೇ ಇರಬಹುದು. ಆ ತಪ್ಪಿಗೆ ಹೈಕೋರ್ಟು.

ಶಿವಮೊಗ್ಗ ಚಿಕ್ಕಪ್ಪ: ಮೇಸ್ತ್ರಿ ಬಿಳಿ ಹಾಳೆಯಲ್ಲಿ ಸಹಿ ಹಾಕಿ ಕೊಟ್ಟ ಲೆಕ್ಕ ಇತ್ತಲ್ಲ! ನಂಬೋಲ್ಲ ಅಂದರೆ? ನಮ್ಮೂರಲ್ಲಿ ಯಾವ ಮೇಸ್ತ್ರಿ ಜಿಎಸ್‌ಟಿ ಬಿಲ್ ಕೊಡ್ತಾನೆ?

ಸುಮಕ್ಕ: ನಂಬೋದು ಬಿಡೋದು ಅವರ ತೀರ್ಮಾನ ಚಿಕ್ಕಪ್ಪ. ಅದನ್ನು ಎಂ.ಎ.ಯಲ್ಲಿ ಎತ್ತಿದರೆ ಮೊದಲ ಐದು ನಿಮಿಷದಲ್ಲೇ ವಜಾ. ಆದರೆ ಪ್ಯಾರಾ 11ರಲ್ಲಿ ಒಂದು ವಾಕ್ಯ ಇದೆ: ಪಂಚಾಯಿತಿಯ ಯಾವ ಪತ್ರವನ್ನೂ ಸಲ್ಲಿಸಿಲ್ಲ ಅಂತ. ನಿಜಾನಾ?

ಶಿವಮೊಗ್ಗ ಚಿಕ್ಕಪ್ಪ: ಸುಳ್ಳು! ಕೊಟ್ಟಿದ್ದೀವಿ.

ಪುಟ್ಟ: (ಫೋಟೊ) ಚಿಕ್ಕಪ್ಪನ ಮನೆಗೆ ಬಂದಿದ್ದೆ, ಬೀರುವಿನಲ್ಲಿದ್ದ ಪೇಪರ್ ಬುಕ್ (ಟ್ರಿಬ್ಯುನಲ್‌ಗೆ ಕೊಟ್ಟ ದಾಖಲೆಗಳ ಕಟ್ಟು) ತೆಗೆದೆ. ಪುಟ 47. ಪಿಡಿಓ ಸಹಿ, ಮೊಹರು, ಮನೆ ವಾಸಕ್ಕೆ ಸಿದ್ಧ ಅಂತ ಇದೆ. ತಾರೀಖು ಗಡುವಿಗಿಂತ ಎರಡು ತಿಂಗಳು ಮುಂಚಿನದು.

ಸುಮಕ್ಕ: ಮೊದಲ ಪುಟದ ಫೋಟೊನೂ ಹಾಕು. ಟ್ರಿಬ್ಯುನಲ್ ಸ್ವೀಕೃತಿ ಮೊಹರು ಇದೆಯಾ?

ಪುಟ್ಟ: (ಫೋಟೊ) ಇದೆ. ವಿಚಾರಣೆಗೆ ಮುಂಚಿನ ತಾರೀಖು.

ಸುಮಕ್ಕ: ಇದು ಎಂ.ಎ.! ಇಲ್ಲಿ ಯಾರೂ ಯೋಚನೆ ಬದಲಿಸಬೇಕಾಗಿಲ್ಲ. "ಇಲ್ಲ" ಅಂದ ಕಾಗದ ಕಡತದಲ್ಲೇ ಇದೆ. 2007ರ ಹೋಂಡಾ ಸಿಯೆಲ್ ತೀರ್ಪು ಇದಕ್ಕೇ ಇರೋದು. ಅಲ್ಲಿ ವಕೀಲರು ತೋರಿಸಿದ್ದ ಹಿಂದಿನ ತೀರ್ಪೊಂದು ಟ್ರಿಬ್ಯುನಲ್ ಕಣ್ಣು ತಪ್ಪಿತ್ತು. ಟ್ರಿಬ್ಯುನಲ್ ತಪ್ಪಿಗೆ ಕಕ್ಷಿದಾರ ನಷ್ಟ ಅನುಭವಿಸಬಾರದು ಅಂದರು.

ಹಾಸನದ ಮಾವ: ಟೈಮ್ ಇದೆಯಾ? ಮೊದಲು ನಾಲ್ಕು ವರ್ಷ ಇತ್ತು ಅಂತ ನೆನಪು.

ಸುಮಕ್ಕ: ಅದು 2016ರ ಜೂನ್‌ಗೆ ಹೋಯಿತು ಮಾವ. ಈಗ ಆದೇಶವಾದ ತಿಂಗಳ ಕೊನೆಯಿಂದ ಆರು ತಿಂಗಳು. ಚಿಕ್ಕಪ್ಪನ ಆದೇಶ 2024ರ ನವೆಂಬರ್‌ದು, ಅಂದರೆ 2025ರ ಮೇ 31. ತಡವಾದರೆ ಮನ್ನಿಸಿ ಅನ್ನೋಕೆ ಆ ಸೆಕ್ಷನ್‌ನಲ್ಲಿ ಜಾಗ ಇಲ್ಲ. ಆದರೆ ಅದಕ್ಕಿಂತ ಮುಖ್ಯ, ಹೈಕೋರ್ಟಿಗೆ ಮೇಲ್ಮನವಿ ಹಾಕೋಕೆ ಸೆಕ್ಷನ್ 260ಎ ಅಡಿ 120 ದಿನ. ಆದೇಶ ಕೈಗೆ ಬಂದದ್ದು ಯಾವತ್ತು?

ಶಿವಮೊಗ್ಗ ಚಿಕ್ಕಪ್ಪ: ಡಿಸೆಂಬರ್ 5.

ಸುಮಕ್ಕ: ಹಾಗಾದರೆ ಏಪ್ರಿಲ್ 4. ಎಂ.ಎ. ಹಾಕಿದ್ದೀವಿ ಅಂತ ಆ ಗಡಿಯಾರ ನಿಲ್ಲಲ್ಲ. ಎಷ್ಟೋ ಜನ ಇಲ್ಲೇ ಎಡವೋದು. ತಡವಾದದ್ದನ್ನು ಮನ್ನಿಸುವ ಅಧಿಕಾರ ಹೈಕೋರ್ಟಿಗೆ ಇದೆ, ಆದರೆ ಅದನ್ನು ನಂಬಿ ಕೂರಬೇಡಿ. ಎರಡೂ ಒಟ್ಟೊಟ್ಟಿಗೆ ನಡೆಯಲಿ. ಮೇಸ್ತ್ರಿ ಲೆಕ್ಕ, 2012ರ ತೀರ್ಪು ಹೈಕೋರ್ಟಿಗೆ. ಅಲ್ಲೂ ಕಾನೂನಿನ ಗಂಭೀರ ಪ್ರಶ್ನೆ ಇದ್ದರಷ್ಟೇ ಕೇಳ್ತಾರೆ, ಅದನ್ನು ವಕೀಲರು ಹೆಣೆಯಬೇಕು. ಪುಟ 47 ಮಾತ್ರ ಎಂ.ಎ.ಗೆ. ಎರಡು ಪುಟದ ಅರ್ಜಿ ಸಾಕು.

ಶಿವಮೊಗ್ಗ ಚಿಕ್ಕಪ್ಪ: ನಾನು ಆಗಲೇ ಹದಿನಾಲ್ಕು ಪುಟ ಬರೆದಿಟ್ಟಿದ್ದೀನಿ.

ಸುಮಕ್ಕ: ಅದನ್ನು ಬೀರುವಿನಲ್ಲಿಡಿ.

ಶಿವಮೊಗ್ಗ ಚಿಕ್ಕಪ್ಪ: ಇಷ್ಟು ದುಡ್ಡು ಕಟ್ಟಿ ಮನೆ ಕಟ್ಟಿದವನು ಪಂಚಾಯಿತಿ ಪತ್ರ ಒಂದನ್ನೇ ಹಿಡಿದು ಮಾತಾಡಬೇಕಾ? ನನಗಂತೂ ಇದು ಒಪ್ಪಿಗೆ ಇಲ್ಲ. ಅವರು ತಪ್ಪು ಮಾಡಿದ್ದು ಅವರಿಗೇ ಗೊತ್ತಾದರೆ ತಿದ್ದಿಕೊಳ್ಳಬೇಕಪ್ಪ.

ಸುಮಕ್ಕ: ನಿಮಗೆ ತಪ್ಪು ಅನಿಸಿದ್ದು ಅವರಿಗೂ ತಪ್ಪು ಅನಿಸಬೇಕಲ್ಲ ಚಿಕ್ಕಪ್ಪ. ಪುಟ 47ಕ್ಕೆ ಆ ತೊಂದರೆ ಇಲ್ಲ.

ಶಿವಮೊಗ್ಗ ಚಿಕ್ಕಪ್ಪ: ಸರಿ. ನಾಳೆ ಆಡಿಟರ್ ಹತ್ತಿರ ಹೋಗ್ತೀನಿ. ಪುಟ್ಟ, ಆ ಎರಡೂ ಪುಟ ಸ್ಕ್ಯಾನ್ ಮಾಡಿ ಕಳಿಸು. ಸುಮಾ, ಕೊನೆಗೆ ಮೇಸ್ತ್ರಿ ವಿಚಾರ ಒಂದೇ ಒಂದು ಸಾಲು ಹಾಕೋಣ?

ಸುಮಕ್ಕ: ಬೇಡ.

ಶಿವಮೊಗ್ಗ ಚಿಕ್ಕಪ್ಪ: ಅರ್ಧ ಸಾಲು?

ಹಾಸನದ ಮಾವ: ಸುಮಾ, ಆಡಿಟರ್‌ಗೆ ನೀನೇ ಒಂದು ಫೋನ್ ಮಾಡಿಬಿಡಮ್ಮ.