ಪ್ರಾಧ್ಯಾಪಕರ ಪ್ರಶಸ್ತಿ: ಸಂಶೋಧನೆ, ಬೋಧನೆ, ಸೇವೆ ಮೂರಕ್ಕೂ ಸೇರಿಸಿ 100 ಅಂಕ ಇಡಬಹುದೇ?

ಕರಡು_ಕಡತ:
ರಾಜ್ಯ ವಿಶ್ವವಿದ್ಯಾಲಯವೊಂದಕ್ಕೆ ವಾರ್ಷಿಕ ಪ್ರಾಧ್ಯಾಪಕ ಪ್ರಶಸ್ತಿಯ ನಿಯಮಾವಳಿ ಬರೆಯಬೇಕಿದೆ. ಖಾಯಂ ಅಧ್ಯಾಪಕರು ಸುಮಾರು 140, ಅತಿಥಿ ಉಪನ್ಯಾಸಕರು ಅದಕ್ಕಿಂತ ಹೆಚ್ಚು. ಕಲೆ, ವಿಜ್ಞಾನ, ವಾಣಿಜ್ಯ, ಶಿಕ್ಷಣ ಹೀಗೆ ನಾಲ್ಕು ನಿಕಾಯ (ಫ್ಯಾಕಲ್ಟಿ). ಈಗಿನ ಕರಡಿನಲ್ಲಿ ಸಂಶೋಧನೆಗೆ 40, ಬೋಧನೆಗೆ 40, ಸೇವೆಗೆ 20 ಅಂಕ. ಒಟ್ಟು ಹೆಚ್ಚು ಬಂದವರಿಗೆ ಶಿಕ್ಷಕರ ದಿನಾಚರಣೆಯಂದು 25,000 ರೂಪಾಯಿ ಮತ್ತು ಪದಕ. ಸಂಶೋಧನೆಗೆ ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯ ಅಂಕಗಳನ್ನೇ ತೆಗೆದುಕೊಳ್ಳೋಣ, ಬೋಧನೆಗೆ ವಿದ್ಯಾರ್ಥಿಗಳ ಫೀಡ್‌ಬ್ಯಾಕ್ ಸರಾಸರಿ ಸಾಕು ಎಂಬ ಅಭಿಪ್ರಾಯವಿದೆ. ಎಲ್ಲಿ ಎಡವಬಹುದು? ದತ್ತಿನಿಧಿ ಎಷ್ಟಿರಬೇಕು?

ಸರಾಸರಿ_ಸಾಕು:
ಮೊದಲು ಆ ಒಟ್ಟು ಮೊತ್ತವನ್ನು ಕೈಬಿಡಿ. 40-40-20 ಎಂದು ಬರೆದ ಮಾತ್ರಕ್ಕೆ ತೂಕ ಹಾಗೆ ಹಂಚಿಹೋಗುವುದಿಲ್ಲ. ಅಭ್ಯರ್ಥಿಗಳ ಅಂಕಗಳು ಎಲ್ಲಿ ಹೆಚ್ಚು ಚದುರಿರುತ್ತವೋ ಅಲ್ಲೇ ಫಲಿತಾಂಶ ತೀರ್ಮಾನವಾಗುತ್ತದೆ. ಐದರ ಮಾಪಕದ ಫೀಡ್‌ಬ್ಯಾಕ್‌ನಲ್ಲಿ ಗಂಭೀರ ಅಭ್ಯರ್ಥಿಗಳೆಲ್ಲ 4.2ರಿಂದ 4.7ರ ನಡುವೆ ಬಂದರು ಎಂದುಕೊಳ್ಳಿ. 40ಕ್ಕೆ ಪರಿವರ್ತಿಸಿದರೆ ಅದು 33.6ರಿಂದ 37.6, ಅಂದರೆ ಅಂತರ ಬರೀ 4. ಸಂಶೋಧನೆಯಲ್ಲಿ ಅದೇ ಜನ 6ರಿಂದ 38ರವರೆಗೆ ಹರಡಿರುತ್ತಾರೆ, ಅಂತರ 32. ಕಾಗದದಲ್ಲಿ ಎರಡಕ್ಕೂ ಸಮಪಾಲು ಕಂಡರೂ ಎಂಟು ಪಟ್ಟು ಜಗ್ಗುವುದು ಸಂಶೋಧನೆಯೇ. ಸೇವೆಯ 20 ಅಂಕದಲ್ಲಿ ಎಲ್ಲರಿಗೂ 14-15 ಹಾಕಿ ಮುಗಿಸುವುದು ರೂಢಿ, ಅದು ಲೆಕ್ಕಕ್ಕೇ ಬರುವುದಿಲ್ಲ. ಮೂರು ಬೇರೆ ಬೇರೆ ಪ್ರಶಸ್ತಿ ಇಡಿ, ಒಂದರ ಅಂಕ ಇನ್ನೊಂದಕ್ಕೆ ಸೇರದಿರಲಿ.

ಇನ್ನು ಯುಜಿಸಿ ಅಂಕಗಳು. ಅವು ಬಡ್ತಿ ಮತ್ತು ನೇಮಕಾತಿಗೆಂದು ಮಾಡಿದವು, ಶ್ರೇಷ್ಠತೆ ಅಳೆಯಲು ಅಲ್ಲ. ಲೆಕ್ಕ ಹಾಕಿ ನೋಡಿ: ವಿಜ್ಞಾನದ ಒಂದು ಪ್ರಬಂಧಕ್ಕೆ 8 ಅಂಕ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್ (ಅದರ ಪ್ರಬಂಧಗಳಿಗೆ ಸಿಗುವ ಉಲ್ಲೇಖಗಳ ಸರಾಸರಿ) 5ರಿಂದ 10ರೊಳಗಿದ್ದರೆ ಮತ್ತೆ 25, ಒಟ್ಟು 33. ಲೇಖಕರು ಆರು ಜನರಿದ್ದರೆ ಮುಖ್ಯ ಲೇಖಕರಿಗೆ ಶೇ. 70, ಅಂದರೆ 23.1, ಸಹಲೇಖಕರಿಗೆ ತಲಾ ಶೇ. 30, ಅಂದರೆ 9.9. ವರ್ಷಗಟ್ಟಲೆ ಕೂತು ಒಬ್ಬರೇ ಬರೆದ ಕನ್ನಡದ ಗ್ರಂಥ ರಾಷ್ಟ್ರೀಯ ಪ್ರಕಾಶಕರಿಂದ ಬಂದರೆ ಅದಕ್ಕೆ 10. ಪ್ರಯೋಗಾಲಯದ ಐದನೇ ಹೆಸರಿಗೂ ಒಂದು ಜೀವಮಾನದ ಪುಸ್ತಕಕ್ಕೂ 0.1 ಅಂಕದ ವ್ಯತ್ಯಾಸ! ಈ ಕೋಷ್ಟಕ ಇಟ್ಟುಕೊಂಡರೆ ಕಲಾ ನಿಕಾಯಕ್ಕೆ ಪ್ರಶಸ್ತಿ ಮರೀಚಿಕೆಯೇ.

ಬದಲಿಗೆ ಕಳೆದ ಐದು ವರ್ಷಗಳ ಅತ್ಯುತ್ತಮ ಮೂರೇ ಕೃತಿಗಳನ್ನು ಕೇಳಿ. ಒಂದೊಂದಕ್ಕೂ 200 ಪದದ ಟಿಪ್ಪಣಿ ಇರಲಿ: ಪ್ರಶ್ನೆ ಏನು, ಹೊಸದೇನು ತಿಳಿಯಿತು, ಸಹಲೇಖಕರಿದ್ದರೆ ಇವರ ಪಾಲು ಯಾವುದು. ಆಯಾ ವಿಷಯದ ಇಬ್ಬರು ಹೊರಗಿನ ತಜ್ಞರು ಆ ಮೂರನ್ನು ಓದಲಿ. ಕನ್ನಡದ ಕೃತಿಗೆ ಕನ್ನಡ ಓದುವ ತಜ್ಞರೇ ಬೇಕು ಎಂಬುದನ್ನು ನಿಯಮದಲ್ಲೇ ಬರೆಯಿರಿ, ಇಲ್ಲದಿದ್ದರೆ ಶೀರ್ಷಿಕೆ ನೋಡಿ ಅಂಕ ಬೀಳುತ್ತದೆ. ಎಚ್-ಇಂಡೆಕ್ಸ್ (ಪ್ರಬಂಧ ಮತ್ತು ಅವಕ್ಕೆ ಸಿಕ್ಕ ಉಲ್ಲೇಖಗಳ ಸಂಖ್ಯೆಯಿಂದ ಸಂಶೋಧಕರನ್ನು ಅಳೆಯುವ ಸೂಚ್ಯಂಕ) ಬೇಡ. 2005ರಲ್ಲಿ ಭೌತವಿಜ್ಞಾನಿ ಹಿರ್ಷ್ ಅದನ್ನು ಮುಂದಿಟ್ಟಾಗಲೇ ಬೇರೆ ಬೇರೆ ಕ್ಷೇತ್ರಗಳನ್ನು ಅದರಿಂದ ನೇರವಾಗಿ ಹೋಲಿಸಬಾರದು ಎಂಬ ಎಚ್ಚರಿಕೆ ಇತ್ತು.

ಗ್ರಂಥಾಲಯದ_ಮೂಲೆ:
ಮೇಲಿನದಕ್ಕೆ ಪರಿಶೀಲನೆಯ ಹಂತ ಸೇರಿಸಿ. ಒಪ್ಪಬಹುದಾದ ಸಂಶೋಧನಾ ಪತ್ರಿಕೆಗಳ ಯುಜಿಸಿ-ಕೇರ್ ಪಟ್ಟಿ 2025ರ ಫೆಬ್ರವರಿಯಲ್ಲಿ ನಿಂತುಹೋಗಿದೆ. ಪತ್ರಿಕೆ ಅಸಲಿಯೋ ನಕಲಿಯೋ ಎಂದು ನೋಡುವ ಹೊಣೆ ಈಗ ಸಂಸ್ಥೆಯದು. ಗ್ರಂಥಪಾಲಕರಿಗೆ ಎರಡು ವಾರ ಕೊಡಿ. ಪ್ರತಿ ಪ್ರಬಂಧದ ಡಿಒಐ (ಅದರ ಶಾಶ್ವತ ಡಿಜಿಟಲ್ ಗುರುತು ಸಂಖ್ಯೆ) ತೆರೆದು ಲೇಖಕರ ಹೆಸರು ಮತ್ತು ವಿಳಾಸ ಹೊಂದುತ್ತದೆಯೇ ನೋಡಬೇಕು. ಹಿಂಪಡೆದ ಪ್ರಬಂಧಗಳನ್ನು ದಾಖಲಿಸುವ ರಿಟ್ರ್ಯಾಕ್ಷನ್ ವಾಚ್ ದತ್ತಾಂಶ, ಡಿಒಐ ನೋಂದಾಯಿಸುವ ಸಂಸ್ಥೆ ಕ್ರಾಸ್‌ರೆಫ್ ಮೂಲಕ ಉಚಿತವಾಗಿ ಸಿಗುತ್ತದೆ, ಹಿಂಪಡೆದ ಪ್ರಬಂಧವಿದೆಯೇ ಎಂದು ಅಲ್ಲಿ ಹುಡುಕಿ. ಗೂಗಲ್ ಸ್ಕಾಲರ್ ಪುಟವನ್ನು ಪುರಾವೆಯಾಗಿ ಒಪ್ಪಬೇಡಿ. ಇನಿಷಿಯಲ್ ಮತ್ತು ಹೆಸರು ಒಂದೇ ಆಗಿರುವ ಬೇರೆಯವರ ಪ್ರಬಂಧಗಳು ಅಲ್ಲಿ ಸಲೀಸಾಗಿ ಸೇರಿಕೊಳ್ಳುತ್ತವೆ. ಆರ್ಕಿಡ್ ಐಡಿ (ಪ್ರತಿ ಸಂಶೋಧಕರಿಗೂ ಇರುವ ಪ್ರತ್ಯೇಕ ಗುರುತು ಸಂಖ್ಯೆ) ಕಡ್ಡಾಯ ಮಾಡಿ. ಅರ್ಜಿಯಲ್ಲಿ 'ಪಡೆದ ಪ್ರಶಸ್ತಿಗಳು' ಎಂಬ ಅಂಕಣವೇ ಬೇಡ. ನೋಂದಣಿ ಶುಲ್ಕ ಕಟ್ಟಿಸಿಕೊಂಡು 'ಉತ್ತಮ ಶಿಕ್ಷಕ' ಫಲಕ ಕೊಡುವ ಖಾಸಗಿ ಸಂಸ್ಥೆಗಳಿಗೆ ಬರವಿಲ್ಲ.

ಪಾಠಪ್ರವಚನ:
ಫೀಡ್‌ಬ್ಯಾಕ್ ಸರಾಸರಿಯೊಂದೇ ಸಾಲದು. 60 ವಿದ್ಯಾರ್ಥಿಗಳ ತರಗತಿಯಲ್ಲಿ 12 ಜನ ಉತ್ತರಿಸಿದ್ದರೆ ಅದು ತರಗತಿಯ ಅಭಿಪ್ರಾಯವಲ್ಲ. ಮೂರನೇ ಎರಡರಷ್ಟು ಉತ್ತರ ಬರದಿದ್ದರೆ ಆ ಸೆಮಿಸ್ಟರ್ ಲೆಕ್ಕಕ್ಕೆ ಬೇಡ ಎನ್ನಿ. ಆಂತರಿಕ ಅಂಕ ಪ್ರಕಟವಾದ ಮೇಲೆ ಫೀಡ್‌ಬ್ಯಾಕ್ ತೆಗೆದುಕೊಂಡರೆ ಧಾರಾಳವಾಗಿ ಅಂಕ ಕೊಟ್ಟವರೇ ಮೇಲೆ ಬರುತ್ತಾರೆ, ಹಾಗಾಗಿ ಮೊದಲೇ ಮುಗಿಸಿ. ಮಹಿಳಾ ಅಧ್ಯಾಪಕರಿಗೆ ಇಂಥ ಮೌಲ್ಯಮಾಪನದಲ್ಲಿ ಕಡಿಮೆ ಅಂಕ ಬೀಳುವ ಪ್ರವೃತ್ತಿ ಫ್ರಾನ್ಸ್, ಅಮೆರಿಕಗಳ ಅಧ್ಯಯನಗಳಲ್ಲಿ ಕಂಡಿದೆ. 4.5 ಮತ್ತು 4.6ರ ನಡುವೆ ಗೆದ್ದವರನ್ನು ಹುಡುಕುವುದಂತೂ ಹಾಸ್ಯಾಸ್ಪದ. ಫೀಡ್‌ಬ್ಯಾಕನ್ನು ಅರ್ಹತೆಯ ಹೊಸ್ತಿಲಾಗಿ ಬಳಸಿ: ಉದಾಹರಣೆಗೆ ಸತತ ನಾಲ್ಕು ಸೆಮಿಸ್ಟರ್ 4ಕ್ಕಿಂತ ಮೇಲೆ. ಅಲ್ಲಿಂದ ಮುಂದೆ ಅಭ್ಯರ್ಥಿ ಸಲ್ಲಿಸುವ ಬೋಧನಾ ಕಡತ ಮಾತಾಡಲಿ.

ಆ ಕಡತ 15 ಪುಟ ಮೀರಬಾರದು. ಒಂದು ಕೋರ್ಸಿನ ಪಾಠಯೋಜನೆ, ಎರಡು ಪ್ರಶ್ನೆಪತ್ರಿಕೆ ಮತ್ತು ಅವುಗಳ ಮೌಲ್ಯಮಾಪನ ಸೂತ್ರ, ತಿದ್ದಿದ ಮೂರು ಅಸೈನ್‌ಮೆಂಟ್ (ಚೆನ್ನಾಗಿರುವುದು, ಸಾಧಾರಣ, ಕಳಪೆ, ಹೆಸರು ಮುಚ್ಚಿ), ಕೋರ್ಸಿನಲ್ಲಿ ಏನು ಬದಲಿಸಿದರು ಮತ್ತು ಯಾಕೆ ಎಂಬ ಎರಡು ಪುಟ. ಇವುಗಳಲ್ಲಿ ನಾನು ಮೊದಲು ನೋಡುವುದು ತಿದ್ದಿದ ಅಸೈನ್‌ಮೆಂಟ್. ಕಳಪೆ ಉತ್ತರದ ಪಕ್ಕ ಬರೀ ಅಂಕವಿದೆಯೋ, ವಿದ್ಯಾರ್ಥಿಗೆ ದಾರಿ ತೋರುವ ಎರಡು ಸಾಲಿದೆಯೋ ಎಂಬುದು ಅಲ್ಲೇ ಗೊತ್ತಾಗುತ್ತದೆ. ಅಂತಿಮ ಪಟ್ಟಿಯ ಮೂವರ ತರಗತಿಯಲ್ಲಿ ಇಬ್ಬರು ವೀಕ್ಷಕರು ಎರಡು ಬಾರಿ ಕೂರಲಿ. ಓದು ಮುಗಿಸಿ ಮೂರು ವರ್ಷ ಕಳೆದ ಹಳೆ ವಿದ್ಯಾರ್ಥಿಗಳನ್ನು ವಿಭಾಗದ ದಾಖಲೆಯಿಂದ ಸಮಿತಿಯೇ ಆರಿಸಿ ಕೇಳಲಿ. ಅಭ್ಯರ್ಥಿ ಕೊಟ್ಟ ಹೆಸರುಗಳು ಬೇಡ. ಶೇಕಡಾವಾರು ಫಲಿತಾಂಶವೂ ಬೇಡ, ಪ್ರಶ್ನೆಪತ್ರಿಕೆ ತೆಗೆಯುವವರೇ ಉತ್ತರಪತ್ರಿಕೆ ತಿದ್ದುವ ಕಡೆ ಅದಕ್ಕೆ ಅರ್ಥವಿಲ್ಲ.

ಬೋಧನೆಯ ಪ್ರಶಸ್ತಿ ಅತಿಥಿ ಉಪನ್ಯಾಸಕರಿಗೂ ತೆರೆದಿರಲೇಬೇಕು. ಅರ್ಧಕ್ಕಿಂತ ಹೆಚ್ಚು ತರಗತಿಗಳನ್ನು ಅವರಿಂದ ನಡೆಸಿ ಅರ್ಜಿಯಿಂದ ಹೊರಗಿಡುವುದು ನ್ಯಾಯವಲ್ಲ.

ಕರಡು_ಕಡತ:
ತುಂಬಾ ಉಪಯೋಗವಾಯಿತು. ಮೂರು ಪ್ರಶಸ್ತಿಗಳಿಗೆ ಒಪ್ಪಿಗೆ ಸಿಗಬಹುದು. ಆದರೆ ಸೇವೆಗೆ ಅಳತೆ ಏನು? ನಿಕಾಯವಾರು ಸರದಿ ಇಡಿ ಎಂಬ ಒತ್ತಾಯವೂ ಇದೆ.

ನಡಾವಳಿ:
ಸರದಿ ಬೇಡ. ಎರಡನೇ ವರ್ಷಕ್ಕೇ 'ಈ ಸಲ ನಮ್ಮದು' ಎಂಬ ಮಾತು ಶುರುವಾಗಿ, ವಿಭಾಗದ ಹಿರಿತನದ ಪಟ್ಟಿಯೇ ಪ್ರಶಸ್ತಿ ಪಟ್ಟಿಯಾಗುತ್ತದೆ. 'ಅರ್ಹರಿಲ್ಲದಿದ್ದರೆ ಆ ವರ್ಷ ಪ್ರಶಸ್ತಿ ಇಲ್ಲ' ಎಂಬ ಕಲಮು ಹಾಕಿ.

ಸೇವೆಯಲ್ಲಿ ಹುದ್ದೆಗಳನ್ನು ಎಣಿಸಬಾರದು. ವಾರ್ಡನ್, ಎನ್‌ಎಸ್‌ಎಸ್ ಅಧಿಕಾರಿ, ಅಧ್ಯಯನ ಮಂಡಳಿ ಅಧ್ಯಕ್ಷ ಎಂದು ಪಟ್ಟಿ ಕೊಟ್ಟರೆ ಕುರ್ಚಿಯಲ್ಲಿ ಕೂತಿದ್ದರು ಎಂದಷ್ಟೇ ಗೊತ್ತಾಗುತ್ತದೆ. ಹುದ್ದೆಗೆ ಸಂಭಾವನೆ ಅಥವಾ ಬೋಧನಾ ಅವಧಿಯ ವಿನಾಯಿತಿ ಇದ್ದರೆ ಅದನ್ನು ನಮೂದಿಸಬೇಕು. ಒಂದೇ ಕೆಲಸ ಆರಿಸಿ, ಅವರು ಕೈಹಾಕುವ ಮೊದಲು ಹೇಗಿತ್ತು, ಆಮೇಲೆ ಏನಾಯಿತು ಎಂದು ಬರೆಯಲಿ. ಪುರಾವೆ ಫಲಾನುಭವಿಗಳಿಂದ ಬರಲಿ: ಗ್ರಾಮ ಪಂಚಾಯಿತಿ, ಪದವಿ ಕಾಲೇಜು, ದೂರು ಪರಿಹಾರ ಪಡೆದ ಸಂಶೋಧನಾರ್ಥಿ.

ಸಮಿತಿ ಐವರದ್ದು, ಮೂವರು ಹೊರಗಿನವರು. ಕುಲಪತಿ ಅಧ್ಯಕ್ಷರಾಗದಿರುವುದು ಒಳ್ಳೆಯದು, ಅವರ ಮುಂದೆ ಒಳಗಿನ ಇಬ್ಬರು ಬಾಯಿ ಬಿಡುವುದಿಲ್ಲ. ಪಿಎಚ್‌ಡಿ ಮಾರ್ಗದರ್ಶಕರು, ಐದು ವರ್ಷದೊಳಗಿನ ಸಹಲೇಖಕರು, ಬಂಧುಗಳು ಆ ಅಭ್ಯರ್ಥಿಯ ಚರ್ಚೆಯ ವೇಳೆ ಹೊರಗಿರಬೇಕು, ಹೊರಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ವಿಭಾಗದ ಮುಖ್ಯಸ್ಥರ ಸಹಿ ಕಡ್ಡಾಯ ಮಾಡಿದರೆ ಅರ್ಜಿ ಅವರ ಮೇಜಿನಲ್ಲೇ ಉಳಿಯುವ ಅಪಾಯವಿದೆ; ಪ್ರತಿ ಕಳಿಸಿದರೆ ಸಾಕು. ಸ್ವಯಂ ಅರ್ಜಿಯ ಜೊತೆ ಸಹೋದ್ಯೋಗಿಗಳು ಹೆಸರಿಸಲೂ ಅವಕಾಶವಿರಲಿ, ತಮ್ಮ ಹೆಸರನ್ನು ತಾವೇ ಬರೆದುಕೊಳ್ಳಲು ಮುಜುಗರಪಡುವವರಿದ್ದಾರೆ.

ಲೆಕ್ಕಪತ್ರ:
ಹಣದ ಬಗ್ಗೆ ಯಾರೂ ಹೇಳಲಿಲ್ಲ. ಮೂರು ಪ್ರಶಸ್ತಿಗೆ 75,000. ಪದಕ, ತಜ್ಞರ ಗೌರವಧನ, ಪ್ರಯಾಣ ಭತ್ಯೆಗೆ 35,000 ಹಿಡಿಯಿರಿ. ವರ್ಷಕ್ಕೆ 1,10,000. ಇದು ದತ್ತಿನಿಧಿಯ ಬಡ್ಡಿಯಿಂದ ಬರಬೇಕು. ಆ ಬಡ್ಡಿಯಲ್ಲೂ ಹತ್ತನೇ ಒಂದು ಭಾಗವನ್ನು ಅಸಲಿಗೆ ವಾಪಸ್ ಸೇರಿಸಬೇಕು, ಇಲ್ಲವಾದರೆ ಹತ್ತು ವರ್ಷದಲ್ಲಿ ಬೆಲೆಯೇರಿಕೆ ನಿಧಿಯ ಮೌಲ್ಯದ ದೊಡ್ಡ ಪಾಲನ್ನು ತಿಂದುಹಾಕುತ್ತದೆ. ಶೇ. 6.5ರ ಠೇವಣಿಯಲ್ಲಿ 19 ಲಕ್ಷ ಇಟ್ಟರೆ ಬಡ್ಡಿ 1,23,500, ಹತ್ತನೇ ಒಂದು ಭಾಗ ಕಳೆದು 1,11,150 ಕೈಗೆ ಸಿಗುತ್ತದೆ. ದಾನಿಯೊಬ್ಬರು 5 ಲಕ್ಷ ಕೊಟ್ಟು ಮೂರೂ ಪ್ರಶಸ್ತಿಗೆ ತಮ್ಮ ಹೆಸರು ಕೇಳಿದರೆ ಒಪ್ಪಬೇಡಿ, ಅದರ ಬಡ್ಡಿ 32,500, ಒಂದಕ್ಕೆ ಮಾತ್ರ ಸಾಕು. ದತ್ತಿ ಪತ್ರ ಹಣಕಾಸು ಸಮಿತಿ ದಾಟಿ ಸಿಂಡಿಕೇಟ್‌ನಲ್ಲಿ (ವಿಶ್ವವಿದ್ಯಾಲಯದ ಕಾರ್ಯಕಾರಿ ಮಂಡಳಿ) ಅಂಗೀಕಾರವಾಗಲಿ. ಆಯ್ಕೆಯಲ್ಲಿ ದಾನಿಯ ಪಾತ್ರವಿಲ್ಲ ಎಂಬ ಸಾಲು ಅದರಲ್ಲಿರಲಿ.

ಉದ್ಯೋಗದಾತರು ತಮ್ಮ ನೌಕರರಿಗೆ ಕೊಡುವ ನಗದು ಬಹುಮಾನ ಸಂಬಳದ ಆದಾಯವೇ, ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ತೆರಿಗೆ) ಲೆಕ್ಕಕ್ಕೆ ಸೇರುತ್ತದೆ. ಅರ್ಜಿ ನಮೂನೆಯಲ್ಲೇ ತಿಳಿಸಿಬಿಡಿ. ಸೆಪ್ಟೆಂಬರ್ 5ಕ್ಕೆ ಕೊಡಬೇಕಾದರೆ ಏಪ್ರಿಲ್‌ನಲ್ಲೇ ಅರ್ಜಿ ಕರೆಯಿರಿ. ಪರಿಶೀಲನೆಗೆ ಎರಡು ವಾರ, ತಜ್ಞರ ಓದಿಗೆ ಆರು ವಾರ ಬೇಕು. ತರಗತಿ ವೀಕ್ಷಣೆ ಸೆಮಿಸ್ಟರ್ ನಡೆಯುವಾಗಲೇ ಆಗಬೇಕು, ರಜೆಯಲ್ಲಿ ಸಿಕ್ಕಿಬಿದ್ದರೆ ಆ ಹಂತವನ್ನೇ ಬಿಟ್ಟು ಮುಂದೆ ಹೋಗುವ ಆಸೆ ಹುಟ್ಟುತ್ತದೆ.