ಸಹಾಯ ಬೇಕು: ಅರ್ಥವೇ ಇಲ್ಲದ ಪದಕ್ಕೆ ಕನ್ನಡದಲ್ಲಿ ಏನು ಹಾಕಲಿ?

ಗೆಳೆಯರ ಜೊತೆ ನೋಡೋಣ ಅಂತ 'ಕ್ಯಾನಿಬಲ್! ದಿ ಮ್ಯೂಸಿಕಲ್' ಚಿತ್ರಕ್ಕೆ ಕನ್ನಡ ಸಬ್‌ಟೈಟಲ್ ಬರೆಯುತ್ತಿದ್ದೇನೆ. 1993ರಲ್ಲಿ ಟ್ರೇ ಪಾರ್ಕರ್ ಕಾಲೇಜು ಗೆಳೆಯರನ್ನು ಸೇರಿಸಿಕೊಂಡು ಚಿಲ್ಲರೆ ದುಡ್ಡಲ್ಲಿ ಮಾಡಿದ್ದು. ಹಾಡು, ತಮಾಷೆ ಎಲ್ಲ ಇದ್ದರೂ ಕತೆಯ ಬೇರು ನಿಜದ್ದು. 1874ರ ಚಳಿಗಾಲದಲ್ಲಿ ಅಮೆರಿಕದ ಕೊಲೊರಾಡೊ ಬೆಟ್ಟಗಳಿಗೆ ಹೊರಟವರು ಆರು ಜನ. ವಾಪಸ್ ಬಂದವನು ಆಲ್ಫರ್ಡ್ ಪ್ಯಾಕರ್ ಒಬ್ಬನೇ. ಉಳಿದವರ ಗತಿ ಚಿತ್ರದ ಹೆಸರಲ್ಲೇ ಇದೆ ಬಿಡಿ, 'ಕ್ಯಾನಿಬಲ್' ಅಂದ್ರೆ ನರಭಕ್ಷಕ.

ಶುರುವಿನ ರಕ್ತಪಾತ ಮುಗಿದು ಸ್ವಲ್ಪ ಹೊತ್ತಿಗೆ ಪ್ಯಾಕರ್ ಕುದುರೆ ಮೇಲೆ ಕೂತು ಖುಷಿಯಾಗಿ ಹಾಡುತ್ತಾನೆ. ಹಾಡಿನ ಜೀವ ಒಂದೇ ಪದ: 'ಶ್ಪಡಾಯಿಂಕಲ್'. ಸುಮ್ನೆ ಹುಟ್ಟಿಸಿದ ಪದ, ಯಾವ ನಿಘಂಟಲ್ಲೂ ಸಿಗಲ್ಲ. ಇಲ್ಲೇ ಮೂರು ದಿನದಿಂದ ಸಿಕ್ಕಿಹಾಕಿಕೊಂಡಿದ್ದೇನೆ.

'ಭರ್ಜರಿ' ಹಾಕಿದೆ, ಸಪ್ಪೆ. 'ಝಗಮಗ' ಹಾಕಿದರೆ ಸೀರೆ ಅಂಗಡಿ ಜಾಹೀರಾತು. 'ಜಿಂಗಿಚಕ್ಕ' ನೋಡಿ ತಂಗಿ, 'ಮದುವೆ ಬ್ಯಾಂಡಾ?' ಅಂದಳು. ಇದ್ದ ಹಾಗೇ ಬಿಟ್ಟರೆ ಓದುವವರು 'ಶ್ಪ'ದಲ್ಲೇ ಎಡವುತ್ತಾರೆ, ಅಷ್ಟರಲ್ಲಿ ಸಾಲು ಹೋಗಿರುತ್ತದೆ.

ಮೂಲ ಪದವನ್ನೇ ಉಳಿಸಲಾ, ಹೊಸದು ಕಟ್ಟಲಾ? ಕಟ್ಟುವುದಾದರೆ ಅರ್ಥವಿಲ್ಲದ, ಆದರೆ ಬಾಯಿಗೆ ಬಂದರೆ ನಗು ತರಿಸುವ ಒಂದು ಪದ ಹೇಳ್ತೀರಾ?